ಸಹಾಯ ಬೇಕು: ಒಣಗಿಸಿದ ಟೊಮ್ಯಾಟೊಗೆ ಬೂಷ್ಟು ಹಿಡಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಕೋಲಾರದ ಹತ್ತಿರದ ಹಳ್ಳಿಯೊಂದರಲ್ಲಿ ಸ್ತ್ರೀಶಕ್ತಿ ಸಂಘದ 14 ಹೆಂಗಸರಿಗೆ ಸೋಲಾರ್ ಅಡುಗೆ, ತರಕಾರಿ ಒಣಗಿಸುವುದು ಹೇಳಿಕೊಡುತ್ತಿದ್ದೇನೆ.

ಅಡುಗೆ ಪೆಟ್ಟಿಗೆಯದು ಚಿಂತೆಯಿಲ್ಲ. ಕಪ್ಪು ಬಳಿದ ಡಬ್ಬಿಯಲ್ಲಿ ಬೆಳಿಗ್ಗೆ 10ಕ್ಕೆ ಅಕ್ಕಿ, ಬೇಳೆ ಇಟ್ಟರೆ ಊಟದ ಹೊತ್ತಿಗೆ ಬೆಂದಿರುತ್ತದೆ. ಮುದ್ದೆ ಮಾತ್ರ ಆಗಲ್ಲ, ಕೋಲಿನಲ್ಲಿ ತೊಳಸಬೇಕಲ್ವಾ! ಅದಕ್ಕೆ ಒಲೆಯೇ ಗತಿ.

ತೊಂದರೆ ಟೊಮ್ಯಾಟೊದ್ದು. ಬೆಲೆ ಬಿದ್ದಾಗ ಇಲ್ಲಿ ರಸ್ತೆಗೆ ಸುರಿಯುತ್ತಾರೆ, ನೋಡಿರುತ್ತೀರಿ. ಸುಮ್ನೆ ಹಾಳಾಗುವ ಬದಲು ಒಣಗಿಸಿ ಮಾರೋಣ ಅಂತ ಶುರು ಮಾಡಿದೆವು. ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಸೋಲಾರ್ ಡ್ರೈಯರ್‌ನಲ್ಲಿ ಎರಡು ದಿನ ಇಟ್ಟೆವು. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಡಬ್ಬಿಗೆ ತುಂಬಿ ವಾರ ಕಳೆಯುವಷ್ಟರಲ್ಲಿ ಮೆತ್ತಗಾಗಿ ಬೂಷ್ಟು. ಬಿಸಿ ಆರುವ ಮೊದಲೇ ಮುಚ್ಚಿಟ್ಟಿದ್ದು ನನ್ನದೇ ತಪ್ಪು ಅನಿಸುತ್ತದೆ. ಡ್ರೈಯರ್ ಒಳಗೆ 55 ಡಿಗ್ರಿ ಬಂದರೆ ಅದೇ ಜಾಸ್ತಿ.

ಮಧ್ಯೆ ಮೋಡ ಮುಚ್ಚಿದರೆ ಅರ್ಧ ಒಣಗಿದ್ದನ್ನು ನೀವೇನು ಮಾಡುತ್ತೀರಿ? ತೇವ ಪೂರ್ತಿ ಹೋಗಿದೆ ಅಂತ ಮೀಟರ್ ಇಲ್ಲದೆ ತಿಳಿಯುವ ಬಗೆ ಇದೆಯಾ? ಹತ್ತಿರದವರು ಯಾರಾದರೂ ಒಂದು ದಿನ ಬಂದು ತೋರಿಸಿಕೊಟ್ಟರೆ ಇನ್ನೂ ಒಳ್ಳೆಯದು. ಬಸ್ ಚಾರ್ಜು ನಮ್ಮದು, ಮಧ್ಯಾಹ್ನಕ್ಕೆ ಮುದ್ದೆ ಬಸ್ಸಾರೂ ನಮ್ಮದೇ.