ಅಪ್‌ಡೇಟ್: ಸಿಂತ್‌ನಲ್ಲಿ ಸದ್ದು ಬಂತು!

ಮಂಡ್ಯದಲ್ಲಿ ಸೆಕೆಂಡ್ ಹ್ಯಾಂಡ್ ಸಿಂತ್ (ಸಿಂಥಸೈಜರ್ ಕೀಬೋರ್ಡ್) ತಗೊಂಡೆ, ಡೆಮೊ ಹಾಡು ಬರುತ್ತದೆ, ಕೀ ಒತ್ತಿದರೆ ಮಾತ್ರ ಸದ್ದಿಲ್ಲ ಅಂತ ಹೋದ ವಾರ ಕೇಳಿದ್ದೆ. ನಿಮ್ಮಲ್ಲೊಬ್ಬರು ಹೇಳಿದ್ದೇ ಸರಿ. ಮಿಡಿ (ವಾದ್ಯ, ಕಂಪ್ಯೂಟರ್‌ಗಳ ನಡುವೆ ಯಾವ ಸ್ವರ ಒತ್ತಿದೆವು ಅನ್ನುವ ಸೂಚನೆ ಕಳಿಸುವ ವ್ಯವಸ್ಥೆ) ಮೆನುವಿನಲ್ಲಿ ‘ಲೋಕಲ್ ಕಂಟ್ರೋಲ್’ ಆಫ್ ಆಗಿತ್ತು. ಹಾಗಿದ್ದರೆ ಕೀಗಳಿಗೂ ಒಳಗಿನ ಸೌಂಡಿಗೂ ಸಂಬಂಧವೇ ಇರುವುದಿಲ್ಲ. ಒತ್ತಿದ್ದೆಲ್ಲ ಮಿಡಿ ಕೇಬಲ್ಲಿನಲ್ಲಿ ಹೊರಗೆ ಹೋಗುತ್ತದೆ, ಅಷ್ಟೇ. ಸುಮ್ನೆ ರಿಪೇರಿಗೆ ಅಂತ ಮೈಸೂರಿಗೆ ಹೊತ್ತುಕೊಂಡು ಹೋಗುವವನಿದ್ದೆ!

ಲೋಕಲ್ ಕಂಟ್ರೋಲ್ ಆನ್ ಮಾಡಿ ಸಿಂತನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಒಂದೇ ಸ್ವರ ಎರಡೆರಡು ಸಲ. ಕೀಯಿಂದ ನೇರವಾಗಿ ಒಂದು, ಸಾಫ್ಟ್‌ವೇರಿನಿಂದ ವಾಪಸ್ ಬಂದದ್ದು ಇನ್ನೊಂದು. ಹಳೆಯ ಮಾಲೀಕರು ಆಫ್ ಮಾಡಿದ್ದು ಅದಕ್ಕೇ ಇರಬೇಕು, ಅಲ್ವಾ? ಇನ್ನು ರೆಕಾರ್ಡಿಂಗ್ ಮಾಡುವಾಗ ಮಾತ್ರ ಆಫ್.

ಅಂದಹಾಗೆ, ಟ್ರಾನ್ಸ್‌ಪೋಸ್ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಏರಿಸುವ, ಇಳಿಸುವ ಸೆಟ್ಟಿಂಗ್) ಕೂಡ +2ರಲ್ಲಿತ್ತು. ಸಿ ಒತ್ತಿದರೆ ಡಿ ಬರುತ್ತಿತ್ತು. ಅದನ್ನು ಕಂಡುಹಿಡಿದದ್ದು ನಾನಲ್ಲ, ಅಕ್ಕನ ಮಗಳು.