ಲಂಡನ್‌ನ ಮಕ್ಕಳ ವಾರ್ಡ್‌ಗೆ ಹೋಗಬೇಕೆಂದಿದ್ದೇನೆ, ಹೋಗಿ ಬಂದವರು ಹೇಳಿ

ಕೇಳಿದವರು: ಎಂಬಿಬಿಎಸ್ ವಿದ್ಯಾರ್ಥಿ, ಕಲಬುರಗಿ

ಸೀನಿಯರ್ ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ವರ್ಷ ನನ್ನದು ಕೊನೆಯ ವರ್ಷ. ಲಂಡನ್‌ನಲ್ಲಿ ಮಕ್ಕಳ ವಿಭಾಗದಲ್ಲಿ ನಾಲ್ಕು ವಾರ ಎಲೆಕ್ಟಿವ್ (ಬೇರೆ ಆಸ್ಪತ್ರೆಗೆ ಹೋಗಿ ಕಲಿಯುವ ಅವಧಿ) ಮಾಡುವ ಆಸೆ ಇದೆ. ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸಿದವನು ನಾನೊಬ್ಬನೇ. ಅಪ್ಪ ತೊಗರಿ ಮಾರಿದ ದುಡ್ಡಲ್ಲಿ ಹೋಗಬೇಕು. ಅಲ್ಲಿ ಏನೇನು ಮಾಡಲು ಬಿಡುತ್ತಾರೆ? ಏನು ತಯಾರಿ ಬೇಕು? ಅಷ್ಟು ಖರ್ಚು ಮಾಡಿ ಹೋದರೆ ಕಲಿಯಲು ಸಿಗುತ್ತಾ?

ಕಲಬುರಗಿಯಿಂದ ಒಬ್ಬರು ಅಕ್ಕ

ತಮ್ಮಾ, ಒಂದು ಮಾತು ಈಗಲೇ ತಿಳಿದುಕೋ. ಅಲ್ಲಿ ಸೂಜಿ ಹಿಡಿಯಲು ಬಿಡುವುದಿಲ್ಲ. ಎಲೆಕ್ಟಿವ್‌ಗೆ ಹೋಗುವ ನಮ್ಮಂಥವರು ವಿಸಿಟರ್ ವೀಸಾದಲ್ಲಿ ಹೋಗುತ್ತೇವೆ. ರೋಗಿಗೆ ಚಿಕಿತ್ಸೆ ಕೊಡಬಾರದು, ಸಂಬಳ ತೆಗೆದುಕೊಳ್ಳಬಾರದು ಅಂತ ಅದರ ನಿಯಮದಲ್ಲೇ ಇದೆ. ನಾನು ಇದನ್ನು ಸರಿಯಾಗಿ ಓದದೆ ಹೋಗಿದ್ದೆ. ಇಲ್ಲಿ ರಾತ್ರಿ ಸೀನಿಯರ್‌ಗಳ ಪಕ್ಕ ನಿಂತು ಐವಿ ಲೈನ್ ಹಾಕಿ ರೂಢಿಯಾಗಿದ್ದ ಕೈ. ಅಲ್ಲಿ ಮೊದಲ ವಾರ ಬರೀ ನಿಂತು ನೋಡುವುದೇ ಆಯಿತು. ರೂಮಿಗೆ ಬಂದು ಅತ್ತಿದ್ದೇನೆ.

ಆಮೇಲೆ ಒಂದು ದಿನ ನಾಲ್ಕು ವರ್ಷದ ಹುಡುಗಿಗೆ ರಕ್ತ ತೆಗೆಯಬೇಕಿತ್ತು. ನರ್ಸ್ ಬಂದು ಕೈಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟರ್ ಅಂಟಿಸಿ ಹೋದರು. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಯಾರೂ ಅವಸರ ಮಾಡಲಿಲ್ಲ. ಆಟ ಆಡಿಸುವುದಕ್ಕೇ ತರಬೇತಿ ಪಡೆದವರು ಅಲ್ಲಿನ ಮಕ್ಕಳ ವಾರ್ಡ್‌ಗಳಲ್ಲಿ ಇರುತ್ತಾರೆ. ಅವರು ಒಂದು ಗೊಂಬೆಯ ಕೈಗೆ ಸಿರಿಂಜ್ ಹಿಡಿದು, ಏನಾಗುತ್ತದೆ ಅಂತ ಮಗುವಿಗೆ ತೋರಿಸಿದರು. ಆಮೇಲೆ ಹುಡುಗಿ ಅಮ್ಮನ ತೊಡೆ ಮೇಲೆ ಕೂತು ಸಾಬೂನಿನ ಗುಳ್ಳೆ ಊದುತ್ತಿದ್ದಳು. ರಕ್ತ ತೆಗೆದದ್ದೂ ಮುಗಿಯಿತು.

ನಮ್ಮಲ್ಲಿ ಏನು ಮಾಡುತ್ತೇವೆ, ನಿನಗೆ ಗೊತ್ತು. ತಾಯಿಯನ್ನು ಹೊರಗೆ ಕಳಿಸುತ್ತೇವೆ. ಇಬ್ಬರು ಕೈಕಾಲು ಒತ್ತಿ ಹಿಡಿಯುತ್ತಾರೆ. "ಯವ್ವಾ, ಸೂಜಿ ಬ್ಯಾಡ" ಅನ್ನುವ ಕೂಗು ಕಾರಿಡಾರ್ ತುಂಬಾ ಕೇಳುತ್ತದೆ. ಒಂದೇ ರಾತ್ರಿ ಅಷ್ಟೊಂದು ಅಡ್ಮಿಷನ್ ಇರುವಾಗ ಒಂದು ಗಂಟೆ ಕಾಯಲು ಆಗುವುದಿಲ್ಲ, ನಿಜ. ಆದರೆ ತಾಯಿಯನ್ನು ಒಳಗೆ ಇಟ್ಟುಕೊಳ್ಳಲು ದುಡ್ಡು ಬೇಕಾಗಿಲ್ಲ. ಹಸುಗೂಸಿನ ಹಿಮ್ಮಡಿಗೆ ಚುಚ್ಚುವಾಗ ತಾಯಿ ಹಾಲು ಕುಡಿಸುತ್ತಿದ್ದರೆ ಕೂಸಿಗೆ ನೋವು ಕಡಿಮೆಯಾಗುತ್ತದೆ ಅನ್ನುವುದು ಪರೀಕ್ಷಿಸಿ ನೋಡಿದ ವಿಷಯ. ವಾಪಸ್ ಬಂದು ಇಂಟರ್ನ್‌ಶಿಪ್‌ನಲ್ಲಿ ನಾನು ಹಾಗೇ ಮಾಡಿದೆ. ಆ ನಾಲ್ಕು ವಾರದಲ್ಲಿ ಇದೊಂದೇ ಕಲಿತಿದ್ದರೂ ನನಗೆ ಖರ್ಚು ಮಾಡಿದ್ದಕ್ಕೆ ಬೇಸರ ಇರುತ್ತಿರಲಿಲ್ಲ.

ಇನ್ನೊಂದು, ಬ್ರಾಂಕಿಯೋಲೈಟಿಸ್, ಅಂದರೆ ಹಸುಗೂಸುಗಳ ಸಣ್ಣ ಶ್ವಾಸನಾಳಗಳಿಗೆ ಬರುವ ವೈರಸ್ ಸೋಂಕು. ಚಳಿಗಾಲದಲ್ಲಿ ವಾರ್ಡ್ ತುಂಬಾ ಅದೇ. ಆಂಟಿಬಯಾಟಿಕ್ ಬೇಡ, ಶ್ವಾಸನಾಳ ಹಿಗ್ಗಿಸುವ ಸಾಲ್ಬ್ಯೂಟಮಾಲ್ ಬೇಡ, ಸ್ಟೀರಾಯ್ಡ್ ಬೇಡ ಅಂತ ಅಲ್ಲಿನ ಚಿಕಿತ್ಸಾ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2015ರಿಂದಲೇ ಹೇಳುತ್ತಿದೆ. ಬೇಕಾದರೆ ಆಕ್ಸಿಜನ್, ಕುಡಿಯಲು ಆಗದಿದ್ದರೆ ಮೂಗಿನ ಟ್ಯೂಬಿನಿಂದ ಹಾಲು, ಮತ್ತೆ ಕಾಯುವುದು. ನಮ್ಮ ಕಡೆ ನೆಬ್ಯುಲೈಸರ್ ಹಚ್ಚದಿದ್ದರೆ "ಡಾಕ್ಟರ್ ಏನೂ ಮಾಡಲಿಲ್ಲ" ಅನ್ನುತ್ತಾರೆ. ಏನೂ ಕೊಡದೆ ಯಾಕೆ ಕಾಯುತ್ತಿದ್ದೇವೆ ಅಂತ ತಾಯಿಗೆ ಹತ್ತು ನಿಮಿಷ ಕೂತು ಹೇಳುವ ಡಾಕ್ಟರನ್ನು ನಾನು ನೋಡಿದ್ದು ಅಲ್ಲೇ.

ಭಾಷೆಯ ವಿಷಯದಲ್ಲಿ ನೀನು ಹೆದರಬೇಡ. ಒಂದೇ ಓಪಿಡಿಯಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ, ಲಂಬಾಣಿ ಕೇಳುತ್ತಾ ಬೆಳೆದವರು ನಾವು. ಆದರೆ ನಾವು ಪಕ್ಕದ ಬೆಡ್‌ನವರನ್ನು ಕರೆದು "ಏನಂತಾರೆ ಕೇಳ್ರಿ" ಅನ್ನುತ್ತೇವೆ, ಅಲ್ವಾ? ಅಲ್ಲಿ ಫೋನಿನಲ್ಲಿ ದುಭಾಷಿಯನ್ನು ತೆಗೆದುಕೊಳ್ಳುತ್ತಾರೆ. ಅಣ್ಣನೋ ಅಕ್ಕನೋ ಆದ ಇನ್ನೊಂದು ಮಗುವಿನಿಂದ ಅನುವಾದ ಮಾಡಿಸುವುದಿಲ್ಲ. ಮನೆಯ ಕಷ್ಟದ ಮಾತು ಆ ಮಗುವಿನ ಬಾಯಿಂದ ಬರಬಾರದು ಅಂತ.

ಆಸ್ಪತ್ರೆ ಆರಿಸುವಾಗ ಬರೀ ದೊಡ್ಡ ಹೆಸರು ನೋಡಬೇಡ. ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ 1852ರಲ್ಲಿ 10 ಹಾಸಿಗೆಯಿಂದ ಶುರುವಾದ ಮಕ್ಕಳ ಆಸ್ಪತ್ರೆ. ಅಲ್ಲಿ ತುರ್ತು ಚಿಕಿತ್ಸಾ ವಿಭಾಗವೇ ಇಲ್ಲ. ಬೇರೆ ಆಸ್ಪತ್ರೆಯಿಂದ ಕಳಿಸಿದ ಅಪರೂಪದ ಕಾಯಿಲೆಯ ಮಕ್ಕಳೇ ಜಾಸ್ತಿ. ಜ್ವರ, ಕೆಮ್ಮು, ಫಿಟ್ಸ್ ಬಂದ ಮಗುವನ್ನು ಹೇಗೆ ನೋಡುತ್ತಾರೆ ಅಂತ ಕಲಿಯಬೇಕಿದ್ದರೆ ಸಾಮಾನ್ಯ ಆಸ್ಪತ್ರೆಯ ಮಕ್ಕಳ ವಾರ್ಡ್ ಒಳ್ಳೆಯದು. ನನ್ನ ಆಯ್ಕೆ ಅದೇ.

ಹೋಗುವ ಮುಂಚೆ ನಮ್ಮ ದವಾಖಾನೆಯ ಎನ್‌ಆರ್‌ಸಿಯಲ್ಲಿ, ಅಂದರೆ ತೀವ್ರ ಅಪೌಷ್ಟಿಕತೆಯ ಮಕ್ಕಳ ಪುನರ್ವಸತಿ ಕೇಂದ್ರದಲ್ಲಿ, ಎರಡು ವಾರ ಕೂರು. ಇದನ್ನು ಕೈ ಮುಗಿದು ಹೇಳುತ್ತೇನೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಮೊದಲು ಶಕ್ತಿ ಕಡಿಮೆ ಇರುವ ಎಫ್-75 ಹಾಲು ಯಾಕೆ, ಶಕ್ತಿ ಜಾಸ್ತಿ ಇರುವ ಎಫ್-100 ಹಾಲು ಆಮೇಲೆ ಯಾಕೆ, ಹಸಿದ ಮಗುವಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಜೀವಕ್ಕೇ ಯಾಕೆ ಅಪಾಯ, ಇದೆಲ್ಲ ನಿನ್ನ ಕಣ್ಣಾರೆ ನೋಡಿರಬೇಕು. ಲಂಡನ್‌ನ ಕನ್ಸಲ್ಟೆಂಟ್ (ಹಿರಿಯ ವೈದ್ಯರು) ನನ್ನನ್ನು ಕೇಳಿದ್ದೇ "ನಿಮ್ಮೂರಲ್ಲಿ ಏನು ನೋಡುತ್ತೀರಿ" ಅಂತ. ನನಗೆ ಪುಸ್ತಕದ ಉತ್ತರ ಮಾತ್ರ ಗೊತ್ತಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಆರು ತಿಂಗಳಿಂದ ಒಂದು ವರ್ಷ ಮುಂಚೆ ಅರ್ಜಿ ಹಾಕು. ಹೆಪಟೈಟಿಸ್ ಬಿ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್, ಟಿಬಿ ದಾಖಲೆ ಕೇಳುತ್ತಾರೆ, ಪೊಲೀಸ್ ಸರ್ಟಿಫಿಕೇಟ್ ಕೂಡ. ವೀಸಾ ಬೆರಳಚ್ಚಿಗೆ ಹೈದರಾಬಾದ್ ನಮಗೆ ಹತ್ತಿರ. ವಾರ್ಡ್‌ನಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಬಾರದು. ವಾಚು, ಬಳೆ, ಕೈಗೆ ಕಟ್ಟಿದ ದಾರ, ಯಾವುದೂ ಇಲ್ಲ. ಮಕ್ಕಳ ಫೋಟೋ ಅಂತೂ ತೆಗೆಯಲೇಬೇಡ. ಮತ್ತೆ ಏಜೆಂಟರ ಹತ್ತಿರ ಹೋಗಬೇಡ. ಒಬ್ಬರು ನನ್ನಿಂದ ದುಡ್ಡು ತೆಗೆದುಕೊಂಡು ತಂದುಕೊಟ್ಟದ್ದು ಯೂನಿವರ್ಸಿಟಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುವ ಫಾರಂ.

ಬೀದರ್‌ನಿಂದ

ದುಡ್ಡಿನ ಚಿಂತೆ ಜಾಸ್ತಿ ಇದ್ದರೆ ಕಠ್ಮಂಡುವಿನ ಕಾಂತಿ ಮಕ್ಕಳ ಆಸ್ಪತ್ರೆಗೂ ಬರೆದು ನೋಡಿ. ನಾನು ಅಲ್ಲಿಗೆ ಹೋಗಿದ್ದೆ. ಸರ್ಕಾರಿ ಆಸ್ಪತ್ರೆ. ನಮಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ನ್ಯುಮೋನಿಯಾ, ಸುಟ್ಟಗಾಯ, ಅಪೌಷ್ಟಿಕತೆ, ಎಲ್ಲ ನಮ್ಮ ಹಾಗೇ. ನಮ್ಮಷ್ಟೇ ಸೌಕರ್ಯದಲ್ಲಿ ಬೇರೆಯವರು ಹೇಗೆ ಮಾಡುತ್ತಾರೆ ಅನ್ನುವುದು ನನಗೆ ಅಲ್ಲಿ ಸಿಕ್ಕಿತು. ಹಿಂದಿ ಬಂದರೆ ಎಷ್ಟೋ ನಡೆಯುತ್ತದೆ.

ಯಾದಗಿರಿಯಿಂದ ಒಬ್ಬರು ಮಕ್ಕಳ ಡಾಕ್ಟರು

ಲಂಡನ್‌ನಲ್ಲಿ ವಿದ್ಯಾರ್ಥಿಗಳಿಂದ ಒಂದು ಕೇಸ್ ಹೇಳಿಸಬಹುದು. ಚೇಳು ಕಡಿತ ತೆಗೆದುಕೊಂಡು ಹೋಗಪ್ಪ. ಮೈ ಬೆವರಿ, ಕೈಕಾಲು ತಣ್ಣಗಾಗಿ ಬರುವ ಮಗು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆಯನ್ನು ಇದಕ್ಕೆ ಬಳಸಿ ಎಷ್ಟೋ ಮಕ್ಕಳನ್ನು ಉಳಿಸಿದರು. ಅವರು ದುಡಿದದ್ದೂ ಹಳ್ಳಿಗಾಡಿನಲ್ಲೇ. 2022ರಲ್ಲಿ ಪದ್ಮಶ್ರೀ ಬಂತು. ಇದನ್ನು ಹೇಳುವಾಗ ತಲೆ ಎತ್ತಿ ಹೇಳು. ನಮ್ಮ ಕಡೆಯ ವೈದ್ಯರು ಜಗತ್ತಿಗೆ ಕೊಟ್ಟ ವಿದ್ಯೆ ಅದು.

ಕೇಳಿದವರು

ಅಕ್ಕಾ, ಸರ್, ಎಲ್ಲರಿಗೂ ಶರಣು. ಎನ್‌ಆರ್‌ಸಿ ಮೇಡಂ ಅವರನ್ನು ಇವತ್ತೇ ಕೇಳಿದೆ, ಸೋಮವಾರದಿಂದ ಬಾ ಅಂದರು. ನನ್ನ ಲಸಿಕೆ ಕಾರ್ಡ್ ಅವ್ವನ ಟ್ರಂಕಿನಲ್ಲಿದೆ. ಅರ್ಧ ಇಲಿ ತಿಂದಿದೆ, ಚಿಕನ್‌ಪಾಕ್ಸ್ ಸಾಲು ಕಾಣುತ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ನಡೆಯುತ್ತಾ ಅಕ್ಕಾ?

ಕಲಬುರಗಿಯ ಅಕ್ಕ

ನಡೆಯುತ್ತದೆ. ಆಂಟಿಬಾಡಿ ಪರೀಕ್ಷೆ ಮಾಡಿಸು. ರಿಪೋರ್ಟ್ ಇಂಗ್ಲಿಷ್‌ನಲ್ಲಿರಲಿ, ಮೇಲೆ ನಿನ್ನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ.