ಯುರೋಪಿನ ಕಾಪಿರೈಟ್ ಕಾಯ್ದೆ ನಮ್ಮ ಜಗಲಿ ತಾಳಮದ್ದಲೆಗೂ ತಟ್ಟುತ್ತಾ?

ಅಡಿಕೆ_ಜಗಲಿ, ಹೊಸನಗರ ತಾಲೂಕು

ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಹೋದ ಶ್ರಾವಣದಲ್ಲಿ ನಮ್ಮನೆ ಜಗಲೀಲಿ ತಾಳಮದ್ದಲೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಇಟ್ಟುಕೊಂಡಿದ್ವಿ. ಹೊರಗೆ ಜಡಿಮಳೆ, ಕರೆಂಟಿಲ್ಲ, ಇನ್ವರ್ಟರ್ ಮೇಲೆ ಒಂದೇ ಬಲ್ಬು. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು ಮೂರೂಕಾಲು ಗಂಟೆ ರೆಕಾರ್ಡ್ ಮಾಡಿದೆ. ಮನೇಲಿ ನೆಟ್‌ವರ್ಕ್ ಸಿಗಲ್ಲ. ಗುಡ್ಡ ಹತ್ತಿ, ಗೇರುಮರದ ಬುಡದಲ್ಲಿ ಕೂತು ಎರಡು ಸಂಜೆ ಅಪ್‌ಲೋಡ್ ಮಾಡಿದ್ದು. ಬೆಳಗ್ಗೆ ನೋಡಿದ್ರೆ ಯಾವುದೋ ಆಡಿಯೊ ಕಂಪನಿ ಹಕ್ಕು ಹೇಳಿದೆ: 1 ಗಂಟೆ 12ನೇ ನಿಮಿಷದಿಂದ ಎರಡು ನಿಮಿಷದ ಪದ್ಯ ಅವರದ್ದಂತೆ! ಆ ಪದ್ಯ ನಮ್ಮಜ್ಜನ ಅಜ್ಜನ ಕಾಲದಿಂದ ಹೇಳ್ತಾ ಬಂದಿದ್ದು. ಹಾಡಿದ್ದು ನಮ್ಮೂರ ಭಾಗವತರು, ನನ್ನೆದುರಿಗೇ ಕೂತು.

ಆಕ್ಷೇಪ ಹಾಕಿದೆ. ‘ಪರಿಶೀಲಿಸಲಾಗಿದೆ, ಹಕ್ಕು ಊರ್ಜಿತ’ ಅಂತ ಒಂದೇ ಸಾಲು ಬಂತು. ಪರಿಶೀಲಿಸಿದ್ದು ಯಾರು? ಚಂಡೆ ಯಾವುದು ಮದ್ದಳೆ ಯಾವುದು ಅಂತಾದ್ರೂ ಗೊತ್ತಿತ್ತಾ? ‘ಮಾವ, ಇದಕ್ಕೆಲ್ಲ ಯುರೋಪಿನ ಕಾಪಿರೈಟ್ ಕಾಯ್ದೆಯ ಆರ್ಟಿಕಲ್ 13 ಕಾರಣ’ ಅಂತಾನೆ ಬೆಂಗಳೂರಲ್ಲಿರೋ ತಂಗಿ ಮಗ. ಹೌದಾ?

ತುಂಗಾತೀರ, ತೀರ್ಥಹಳ್ಳಿ

ನಿಮ್ಮ ಅಳಿಯನಿಗೆ ಅರ್ಧ ಗೊತ್ತು. ಹಾಡಿಗೆ ಹಾಡು ಹೊಂದಿಸಿ ನೋಡುವ ಯಂತ್ರ ಆ ಕಾಯ್ದೆಗಿಂತ ಹಳೇದು. ಯುರೋಪಿನವರು ಕರಡು ತಂದಿದ್ದೇ 2016ರ ಸೆಪ್ಟೆಂಬರಲ್ಲಿ. ಜನ ಹಾಕಿದ ಹಾಡು, ವಿಡಿಯೊಗಳಿಗೆ ತಾಣವೇ ಹೊಣೆ, ಒಂದೋ ಲೈಸೆನ್ಸ್ ತಗೋ, ಇಲ್ಲ ಬರದಂತೆ ತಡಿ ಅನ್ನೋದು 13ನೇ ವಿಧಿಯ ತಿರುಳು. ‘ಹಾಗಾದ್ರೆ ಎಲ್ಲ ಕಡೆ ಫಿಲ್ಟರ್ ಬರುತ್ತೆ’ ಅಂತ ಗಲಾಟೆ ಎದ್ದಿದ್ದು ಅದಕ್ಕೇ.

ನಾನಾಗ ಬರ್ಲಿನ್‌ನಲ್ಲಿ ಕೆಲಸದಲ್ಲಿದ್ದೆ. ಇದನ್ನು ವಿರೋಧಿಸಿ 2019ರ ಮಾರ್ಚ್ 21ಕ್ಕೆ ಜರ್ಮನ್ ವಿಕಿಪೀಡಿಯ ಇಡೀ ದಿನ ಕಪ್ಪು ಪರದೆ. ಎರಡು ದಿನ ಬಿಟ್ಟು ಬೀದಿ ತುಂಬ ಕಾಲೇಜು ಹುಡುಗರು, ಕೈಯಲ್ಲಿ ‘ನಾವು ಬಾಟ್‌ಗಳಲ್ಲ’ ಅನ್ನೋ ರಟ್ಟು. ಇವರು ಕಳಿಸಿದ ಇಮೇಲ್‌ಗಳನ್ನು ಯಂತ್ರ ಕಳಿಸಿದ್ದು ಅಂತ ಯಾರೋ ರಾಜಕಾರಣಿ ಹಗುರವಾಗಿ ಆಡಿದ್ದರು, ಅದರ ಸಿಟ್ಟು. ಮಾರ್ಚ್ 26ಕ್ಕೆ ಯುರೋಪಿನ ಸಂಸತ್ತಲ್ಲಿ ಮತ ಹಾಕಿದ್ರು, 348–274ರಲ್ಲಿ ಪಾಸಾಯ್ತು. ತಮಾಷೆ ಕೇಳಿ: ತಿದ್ದುಪಡಿಗಳನ್ನು ಬೇರೆಯಾಗಿ ಮತಕ್ಕೆ ಹಾಕಬೇಕಾ ಅನ್ನೋದು ಅದಕ್ಕೂ ಮೊದಲು ಬರೀ 5 ಮತದಲ್ಲಿ ಬಿತ್ತು. ಆಮೇಲೆ ಕೆಲವು ಸದಸ್ಯರು ‘ಅಯ್ಯೋ, ತಪ್ಪು ಗುಂಡಿ ಒತ್ತಿಬಿಟ್ವಿ’ ಅಂದ್ರು! ದಾಖಲೆ ತಿದ್ದಿದ್ರು, ಫಲಿತಾಂಶ ಬದಲಾಗಲಿಲ್ಲ. ಪಂಚಾಯ್ತೀಲಿ ಕೈ ಎತ್ತಿಸೋದೇ ವಾಸಿ.

ಕೊನೆಗೆ 13 ಹೋಗಿ 17ನೇ ವಿಧಿ ಆಯ್ತು. ಅದರಲ್ಲಿ ನಿಮಗೆ ಬೇಕಾದ್ದು ಒಂದಿದೆ: ತೆಗೆದುಹಾಕಿದ್ದರ ಬಗ್ಗೆ ದೂರು ಕೊಟ್ಟರೆ ಅದನ್ನು ಮನುಷ್ಯನೇ ನೋಡಬೇಕು. ಈ ವಿಧಿ ಬೇಡ ಅಂತ ಪೋಲೆಂಡ್ ದೇಶ ಯುರೋಪಿನ ಕೋರ್ಟಿಗೆ ಹೋಗಿ 2022ರಲ್ಲಿ ಸೋತಿತು. ಆದ್ರೆ ಸರಿಯಾದ್ದು ಯಾವುದು, ಕದ್ದದ್ದು ಯಾವುದು ಅಂತ ಬೇರ್ಪಡಿಸೋಕೆ ಬಾರದ ಫಿಲ್ಟರ್ ಇಡೋ ಹಾಗಿಲ್ಲ ಅಂತ ಅದೇ ತೀರ್ಪಿನಲ್ಲಿ ಕೋರ್ಟು ಹೇಳಿದೆ. ಎಲ್ಲ ಅಲ್ಲಿನವರಿಗೆ. ಹೊಸನಗರಕ್ಕೆ ಯಂತ್ರ ಬಂದಿದೆ, ಮನುಷ್ಯ ಬಂದಿಲ್ಲ.

ಹಿಮ್ಮೇಳದವ, ಸಾಗರ

ಎಲ್ಲ ಸರಿ ಮಾರಾಯ್ರೆ, ಬಾರಿಸೋರ ಕಡೆಯಿಂದ ಒಂದು ಮಾತು. ಕ್ಯಾಸೆಟ್ ಕಾಲದಲ್ಲಿ ನಾನು ಒಂದು ಪ್ರಸಂಗಕ್ಕೆ ಮದ್ದಳೆ ನುಡಿಸಿದ್ದೆ. ಕೊಟ್ಟಿದ್ದು 300 ರೂಪಾಯಿ, ಮಧ್ಯಾಹ್ನ ಊಟ. ಈಗ ಅದೇ ಧ್ವನಿ ಮೊಬೈಲಲ್ಲಿ ಓಡ್ತಿದೆ, ನಡುನಡುವೆ ಸಾಬೂನಿನ ಜಾಹೀರಾತು. ನನಗೆ ಬಿಡಿಗಾಸಿಲ್ಲ. ಅಲ್ಲಿ ಹಾಡುಗಾರರು ಕಾಯ್ದೆ ಪರ ನಿಂತಿದ್ದು ಇಂಥದ್ದಕ್ಕೇ. ಪಾಲ್ ಮೆಕಾರ್ಟ್ನಿ ಅಂಥವರೇ 2018ರಲ್ಲಿ ಪತ್ರ ಬರೆದಿದ್ರು. ಪದ್ಯ ಹಳೇದು, ಅದು ಯಾರದ್ದೂ ಅಲ್ಲ, ಒಪ್ಪಿದೆ. ಆದ್ರೆ ನಮ್ಮ ದೇಶದ ಕಾಯ್ದೇಲೂ ಹಾಡಿದವನಿಗೆ, ಬಾರಿಸಿದವನಿಗೆ 50 ವರ್ಷ ಹಕ್ಕಿದೆ. ಅಡಿಕೆ ಜಗಲಿಯವರೇ, ನೀವು ಭಾಗವತರನ್ನು ಕೇಳಿ ಹಾಕಿದ್ರಾ?

ಅಡಿಕೆ_ಜಗಲಿ

ಕೇಳಿರಲಿಲ್ಲ, ಸುಳ್ಳು ಹೇಳಲ್ಲ. ಮನೆಯವರೇ ಅನ್ನೋ ಸಲಿಗೆ. ನಿನ್ನೆ ಒಂದು ಚಿಪ್ಪು ಬಾಳೆಹಣ್ಣು ಹಿಡ್ಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಕಿವಿಗೆ ಮೊಬೈಲ್ ಹಿಡ್ಕೊಂಡು ಅದೇ ಪದ್ಯವನ್ನು ಮೂರು ಸಲ ಹಾಕಿಸಿ ಕೇಳಿದ್ರು. ಆಮೇಲೆ ಕವಳ ಉಗಿದು ಬಂದು, ‘ಹಾಕ್ಕೋ, ಅಡ್ಡಿಲ್ಲೆ. ಇದೊಂದರಲ್ಲಿ ತಾಳ ಜಾರಿದ್ದು. ಕಂಪನಿ ತನ್ನದು ಅಂತಾದ್ರೆ ಇಟ್ಕಳ್ಳಲಿ ಬಿಡಾ’ ಅಂದ್ರು.

ತುಂಗಾತೀರ

ಬಿಡಬೇಡಿ! ಯಂತ್ರಕ್ಕೆ ಅಷ್ಟೂ ಗೊತ್ತಾಗಲಿಲ್ಲವಲ್ಲ. ಮೇಲ್ಮನವಿ ಹಾಕಿ: ಪದ್ಯ ಪರಂಪರೆಯದ್ದು, ರೆಕಾರ್ಡಿಂಗ್ ನಿಮ್ಮದೇ, ಹಾಡಿದವರ ಒಪ್ಪಿಗೆ ಇದೆ ಅಂತ ಬರೀರಿ. ಒಪ್ಪಿಗೆಯನ್ನು ಒಂದು ಹಾಳೇಲಿ ಬರೆಸಿ ಸಹಿ ಹಾಕಿಸಿಟ್ಟುಕೊಳ್ಳಿ. ಮದ್ದಳೆಯವರದ್ದೂ.